ಗ್ಲಾಸ್ಗೋ: ‘ಎಷ್ಟು?’ ಎಂದು ಕೇಳಿದ ಊರು

ತಲೆಗೆ ಪೆಟ್ಟು ಬಿದ್ದವರ ಕೇಸ್ ಶೀಟಿನಲ್ಲಿ ‘ಜಿಸಿಎಸ್ 15’ ಎಂದೋ ‘ಇ4 ವಿ5 ಎಂ6’ ಎಂದೋ ಬರೆದಿರುತ್ತದೆ. ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್, ಪ್ರಜ್ಞೆಯ ಮಟ್ಟಕ್ಕೆ ಅಂಕ ಕೊಡುವ ಪದ್ಧತಿ. ಅಲ್ಲಿನ ‘ಜಿ’ ಅಂದರೆ ಗ್ಲಾಸ್ಗೋ, ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯ ಊರು. ಹಬೆಯಂತ್ರದ ಚರಿತ್ರೆ ತೆರೆದರೂ ಈ ಹೆಸರು ಸಿಗುತ್ತದೆ. ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲೂ ಸಿಗುತ್ತದೆ, ಬಸುರಿಯರ ಸ್ಕ್ಯಾನಿಂಗಿನ ಚರಿತ್ರೆಯಲ್ಲೂ ಸಿಗುತ್ತದೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಕೂಡ ಅಲ್ಲಿನ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಾಸೆನ್ ಫೌಂಡ್ರಿಯಲ್ಲಿ ತಯಾರಾಗಿ ಬಂದವು. ಇದಕ್ಕೆಲ್ಲ ‘ಆ ಮಣ್ಣಿನ ಗುಣ’ ಎಂದುಬಿಡುವುದು ಸುಲಭ. ಮಣ್ಣಿನಲ್ಲಿ ಏನೂ ಇಲ್ಲ. ಆ ಊರಿನಲ್ಲಿ ಉಪಕರಣ ಮಾಡುವವರೂ ಪಾಠ ಹೇಳುವವರೂ ಅಕ್ಕಪಕ್ಕದಲ್ಲಿದ್ದರು, ಮತ್ತು ‘ಬಹಳ’, ‘ಸ್ವಲ್ಪ’ ಎಂದು ಹೇಳಿ ಸುಮ್ಮನಾಗಬಹುದಾದ ಕಡೆಯಲ್ಲೆಲ್ಲ ಅವರು ‘ಎಷ್ಟು?’ ಎಂದು ಕೇಳಿದರು.

ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡಿ ಜೇಮ್ಸ್ ವಾಟ್ ಹಬೆಯಂತ್ರ ಕಂಡುಹಿಡಿದ ಎಂಬ ಕತೆಯನ್ನು ಮಕ್ಕಳಿಗೆ ಹೇಳುವುದು ಇನ್ನಾದರೂ ನಿಲ್ಲಬೇಕು. ವಾಟ್ ಹುಟ್ಟಿದ್ದು 1736ರಲ್ಲಿ. ಥಾಮಸ್ ನ್ಯೂಕಾಮೆನ್‌ನ ಯಂತ್ರ 1712ರಲ್ಲೇ ಇಂಗ್ಲೆಂಡಿನ ಗಣಿಯಿಂದ ನೀರೆತ್ತುತ್ತಿತ್ತು. ಅದರಲ್ಲಿ ಹಬೆ ಪಿಸ್ಟನ್ನನ್ನು ತಳ್ಳುತ್ತಿರಲಿಲ್ಲ. ಸಿಲಿಂಡರಿನೊಳಗೆ ಹಬೆ ತುಂಬಿಸಿ, ಅದಕ್ಕೆ ತಣ್ಣೀರು ಚಿಮ್ಮಿಸಿದರೆ ಹಬೆ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಹೊರಗಿನ ಗಾಳಿಯ ಒತ್ತಡವೇ ಪಿಸ್ಟನ್ನನ್ನು ಕೆಳಗೆ ಒತ್ತುತ್ತದೆ. ತೊಂದರೆ ಇರುವುದು ಇಲ್ಲೇ. ತಣ್ಣೀರು ಹಬೆಯನ್ನಷ್ಟೇ ಅಲ್ಲ, ಸಿಲಿಂಡರಿನ ಗೋಡೆಯನ್ನೂ ತಣಿಸುತ್ತದೆ. ಮುಂದಿನ ಸಲ ಬರುವ ಹಬೆ ಮೊದಲು ಆ ಲೋಹವನ್ನು ಕಾಯಿಸಬೇಕು. ಒಂದೊಂದು ದೋಸೆ ಎತ್ತಿದ ಮೇಲೂ ಕಾವಲಿಗೆ ಬಿಂದಿಗೆ ನೀರು ಸುರಿದು, ಮತ್ತೆ ಮೊದಲಿಂದ ಕಾಯಿಸಿದ ಹಾಗೆ.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಈ ಯಂತ್ರದ ಪಾಠದ ಮಾದರಿಯೊಂದಿತ್ತು: ಸಿಲಿಂಡರಿನ ಅಡ್ಡಳತೆ 2 ಅಂಗುಲ, ಪಿಸ್ಟನ್ನಿನ ಓಟ 6 ಅಂಗುಲ. ಅಲ್ಲಿ ಉಪಕರಣ ತಯಾರಕನಾಗಿದ್ದ ವಾಟ್ 1763–64ರ ಚಳಿಗಾಲದಲ್ಲಿ ಅದನ್ನು ರಿಪೇರಿಗೆ ತೆಗೆದುಕೊಂಡ. ನಾಲ್ಕಾರು ಸಲ ಆಡಿ ನಿಂತುಬಿಡುತ್ತಿತ್ತು. ಕಾರಣ ಅಳತೆಯಲ್ಲೇ ಇದೆ. ಸಿಲಿಂಡರ್ ಚಿಕ್ಕದಾದಷ್ಟೂ ಒಳಗಿನ ಜಾಗಕ್ಕೆ ಹೋಲಿಸಿದರೆ ಗೋಡೆಯ ಮೈ ಹೆಚ್ಚು; ಹಾಗಾಗಿ ಗೋಡೆ ಕಾಯಿಸುವುದಕ್ಕೇ ಹಬೆ ಮುಗಿದುಹೋಗುತ್ತದೆ. ಬೇರೆಯವರಾಗಿದ್ದರೆ ಬಾಯ್ಲರ್ ದೊಡ್ಡದು ಮಾಡುತ್ತಿದ್ದರು. ವಾಟ್ ತಕ್ಕಡಿ ಹಿಡಿದ. ಹಬೆಯಾದ ನೀರು ತನ್ನ ತೂಕದ ಸುಮಾರು ಆರು ಪಟ್ಟು ಬಾವಿನೀರನ್ನು ಕುದಿಯುವ ಮಟ್ಟಕ್ಕೆ ಏರಿಸಬಲ್ಲದು ಎಂದು ಕಂಡು ಬೆರಗಾದ. ಅದೇ ವಿಶ್ವವಿದ್ಯಾಲಯದ ಪ್ರೊಫೆಸರ್ ಜೋಸೆಫ್ ಬ್ಲ್ಯಾಕ್‌ನ ಬಳಿ ಇದಕ್ಕೆ ಉತ್ತರವಿತ್ತು: ಗುಪ್ತೋಷ್ಣ, ಅಂದರೆ ನೀರು ಹಬೆಯಾಗುವಾಗ ತಾಪ ಏರಿಸದೆ ಅದರಲ್ಲಿ ಅಡಗಿಕೊಳ್ಳುವ ಶಾಖ. ಇಂದಿನ ಲೆಕ್ಕ ಹಾಕಿ ನೋಡಿ. 1 ಗ್ರಾಂ ಹಬೆ 100 ಡಿಗ್ರಿಯಲ್ಲಿ ನೀರಾಗುವಾಗ ಸುಮಾರು 540 ಕ್ಯಾಲರಿ ಬಿಡುತ್ತದೆ. 10 ಡಿಗ್ರಿಯ 1 ಗ್ರಾಂ ನೀರು 100ಕ್ಕೆ ಏರಲು 90 ಕ್ಯಾಲರಿ ಬೇಕು. 540ನ್ನು 90ರಿಂದ ಭಾಗಿಸಿದರೆ 6.

ಪರಿಹಾರ ಹೊಳೆದದ್ದು 1765ರಲ್ಲಿ. ಸಿಲಿಂಡರ್ ಸದಾ ಬಿಸಿಯಾಗಿಯೇ ಇರಲಿ. ಹಬೆಯನ್ನು ಕೊಳವೆಯ ಮೂಲಕ ಸದಾ ತಣ್ಣಗಿರುವ ಬೇರೊಂದು ಪಾತ್ರೆಗೆ ಬಿಟ್ಟು ಅಲ್ಲಿ ನೀರಾಗಿಸು. ಆ ಪಾತ್ರೆಯಲ್ಲಿ ಕೂಡಿಕೊಳ್ಳುವ ನೀರನ್ನೂ ಗಾಳಿಯನ್ನೂ ಪಂಪಿನಿಂದ ತೆಗೆಯುತ್ತಿರಬೇಕು, ಇಲ್ಲವಾದರೆ ನಿರ್ವಾತ ಕೆಡುತ್ತದೆ. ಕಾಗದದ ಮೇಲೆ ಇಷ್ಟೇ. ಮಾಡಲು ಹೋದಾಗ ಪಿಸ್ಟನ್ ಸೋರಿತು. ನ್ಯೂಕಾಮೆನ್ ಪಿಸ್ಟನ್ನಿನ ಮೇಲೆ ನೀರು ನಿಲ್ಲಿಸಿ ಸಂದು ಮುಚ್ಚುತ್ತಿದ್ದ. ಆ ನೀರು ಸಿಲಿಂಡರನ್ನು ತಣಿಸುತ್ತದಾದ್ದರಿಂದ ವಾಟ್‌ಗೆ ಆ ದಾರಿ ಇರಲಿಲ್ಲ. ಪೇಟೆಂಟ್ 1769ರಲ್ಲಿ ಸಿಕ್ಕರೂ, ಜಾನ್ ವಿಲ್ಕಿನ್‌ಸನ್‌ನ ಕೊರೆಯುವ ಯಂತ್ರ ದೊಡ್ಡ ಸಿಲಿಂಡರನ್ನು ಉದ್ದಕ್ಕೂ ಸಮನಾಗಿ ಕೊರೆದುಕೊಡುವವರೆಗೆ, ಅಂದರೆ 1770ರ ದಶಕದ ನಡುವಿನವರೆಗೆ, ಕಾಯಬೇಕಾಯಿತು. ಒಬ್ಬನ ತಲೆಗೆ ಹೊಳೆದದ್ದು ಇನ್ನೊಬ್ಬನ ಕೈಗೆ ಬರಲು ಹತ್ತು ವರ್ಷ.

ವಾಟ್ ವಿಶ್ವವಿದ್ಯಾಲಯದ ಅಂಗಳಕ್ಕೆ ಕಾಲಿಟ್ಟ ಬಗೆಯನ್ನೂ ಹೇಳಲೇಬೇಕು. 1756ರಲ್ಲಿ ಜಮೈಕಾದಿಂದ ಅಲ್ಲಿಗೆ ಖಗೋಳ ಉಪಕರಣಗಳ ಪೆಟ್ಟಿಗೆಗಳು ಬಂದವು. ಜಮೈಕಾದಲ್ಲಿ ವ್ಯಾಪಾರಿಯೂ ತೋಟದ ಮಾಲೀಕನೂ ಆಗಿದ್ದ ಅಲೆಕ್ಸಾಂಡರ್ ಮ್ಯಾಕ್‌ಫರ್ಲೇನ್ ಉಯಿಲಿನಲ್ಲಿ ಕೊಟ್ಟವು. ಸಮುದ್ರದ ಗಾಳಿಗೆ ಕೆಟ್ಟಿದ್ದ ಅವನ್ನು ಸರಿಪಡಿಸುವ ಕೆಲಸವೇ ವಾಟ್‌ನನ್ನು ಒಳಗೆ ತಂದಿತು. ಗುಲಾಮರ ಬೆವರಿನ ಸಕ್ಕರೆ ಮತ್ತು ಹೊಗೆಸೊಪ್ಪಿನ ಹಣದಿಂದ ಬೆಳೆದ ಊರು ಅದು. ಅಲ್ಲಿ ಇಂದಿಗೂ ಜಮೈಕಾ ಬೀದಿ, ವರ್ಜೀನಿಯಾ ಬೀದಿಗಳಿವೆ. ವಿಶ್ವವಿದ್ಯಾಲಯ 2018ರಲ್ಲಿ ಗುಲಾಮಗಿರಿಯ ಹಣದಿಂದ ತನಗಾದ ಲಾಭವನ್ನು ಲೆಕ್ಕ ಹಾಕಿ ಪ್ರಕಟಿಸಿತು. ಆ ಲೆಕ್ಕವೂ ವಿಜ್ಞಾನದ ಚರಿತ್ರೆಗೆ ಸೇರಿದ್ದೇ.

ಗ್ಲಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್‌ನದು ಇನ್ನೊಂದು ಲೆಕ್ಕ. 1865ರ ಆಗಸ್ಟಿನಲ್ಲಿ ಗ್ಲಾಸ್ಗೋ ರಾಯಲ್ ಇನ್‌ಫರ್ಮರಿ ಆಸ್ಪತ್ರೆಗೆ ಗಾಡಿಚಕ್ರ ಹರಿದು ಕಾಲಿನ ಮೂಳೆ ಮುರಿದು ಚರ್ಮ ಸೀಳಿದ್ದ 11 ವರ್ಷದ ಹುಡುಗ ಬಂದ. ಅಂಥ ಕಾಲನ್ನು ಕತ್ತರಿಸುವುದು ಆಗಿನ ಸಾಮಾನ್ಯ ಪದ್ಧತಿ. ಲಿಸ್ಟರ್ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ ಕಟ್ಟಿದ. ಗಾಯ ಕೀವಾಗಲಿಲ್ಲ, ಆರು ವಾರಕ್ಕೆ ಮೂಳೆ ಕೂಡಿತು. ಒಬ್ಬ ಗುಣವಾದರೆ ಪವಾಡವೆನ್ನಬಹುದು. ಮುಂದೆ ಅವನು ಅಂಗಚ್ಛೇದನದ ಸಾವುಗಳನ್ನು ಎಣಿಸಿ ಮುಂದಿಟ್ಟ: ಮೊದಲು 35ರಲ್ಲಿ 16, ಈ ಪದ್ಧತಿಯ ನಂತರ 40ರಲ್ಲಿ 6.

ಈಗ ಜಿಸಿಎಸ್‌ಗೆ ಬರೋಣ. ಪ್ರಜ್ಞೆ ತಪ್ಪಿದವರನ್ನು ವೈದ್ಯರು ‘ಮಂಪರು’, ‘ಅರೆ ಕೋಮಾ’ ಎಂದು ತಮಗೆ ತೋಚಿದಂತೆ ಬರೆಯುತ್ತಿದ್ದರು. 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಕಣ್ಣಿಗೆ ಕಾಣುವ ಮೂರನ್ನೇ ಹಿಡಿದರು. ಇಂದು ಬಳಸುವ ಅಂಕಗಳು ಹೀಗಿವೆ. ಕಣ್ಣು (ಇ): ತಾನಾಗಿ ತೆರೆದಿದ್ದರೆ 4, ಕೂಗಿದಾಗ ತೆರೆದರೆ 3, ಉಗುರಿನ ತುದಿ ಒತ್ತಿದಾಗ ತೆರೆದರೆ 2, ಇಲ್ಲವಾದರೆ 1. ಮಾತು (ವಿ): ಹೆಸರು, ಜಾಗ, ತಿಂಗಳು ಸರಿಯಾಗಿ ಹೇಳಿದರೆ 5, ಗೊಂದಲವಿದ್ದರೆ 4, ಬಿಡಿ ಪದಗಳಷ್ಟೇ ಆದರೆ 3, ಬರೀ ನರಳಾಟಕ್ಕೆ 2, ಮೌನಕ್ಕೆ 1. ಚಲನೆ (ಎಂ): ಹೇಳಿದಂತೆ ಮಾಡಿದರೆ 6, ನೋವು ಕೊಟ್ಟ ಕಡೆಗೇ ಕೈ ತಂದರೆ 5, ಹಿಂದಕ್ಕೆಳೆದುಕೊಂಡರೆ 4, ಅಸಹಜವಾಗಿ ಮಡಚಿದರೆ 3, ಸೆಟೆದರೆ 2, ಅಲುಗದಿದ್ದರೆ 1.

ಇಲ್ಲಿ ಸೊನ್ನೆ ಇಲ್ಲ. 15ಕ್ಕೆ 3 ಬಂದರೆ ಶೇಕಡಾ 20ರಷ್ಟು ಪ್ರಜ್ಞೆ ಉಳಿದಿದೆ ಎಂದು ಸಂಬಂಧಿಕರು ಆಸೆಪಡುವುದುಂಟು. 3 ಎಂದರೆ ಯಾವ ಪ್ರತಿಕ್ರಿಯೆಯೂ ಇಲ್ಲ. ತಲೆಪೆಟ್ಟಿನಲ್ಲಿ 8 ಮತ್ತು ಅದಕ್ಕಿಂತ ಕಡಿಮೆ ತೀವ್ರ, 9ರಿಂದ 12 ಮಧ್ಯಮ, 13ರಿಂದ 15 ಸೌಮ್ಯ. ಎಡಗೈ ಬಲಗೈ ಬೇರೆ ಬೇರೆಯಾಗಿ ವರ್ತಿಸಿದರೆ ಉತ್ತಮವಾದುದನ್ನು ಬರೆಯಬೇಕು. ಗಂಟಲಿಗೆ ಕೊಳವೆ ಹಾಕಿದವರು, ಕಣ್ಣು ಊದಿ ಮುಚ್ಚಿದವರು ಇದ್ದರೆ ಆ ಭಾಗಕ್ಕೆ 1 ಕೊಡದೆ ‘ಪರೀಕ್ಷಿಸಲಾಗಲಿಲ್ಲ’ ಎಂದೇ ನಮೂದಿಸಬೇಕು. ಬರೀ ಮೊತ್ತ ಬರೆದರೂ ಮೋಸ: ಬೇರೆ ಬೇರೆ ಕೂಡಿಕೆಗಳಿಂದ ಒಂದೇ ಮೊತ್ತ ಬರುತ್ತದೆ, ಅವುಗಳ ಅರ್ಥ ಒಂದೇ ಅಲ್ಲ. ಎಲ್ಲಕ್ಕಿಂತ ಅಪಾಯದ ನಂಬಿಕೆ, ಒಮ್ಮೆ 15 ಬಂದರೆ ಗಂಡಾಂತರ ಕಳೆಯಿತು ಎಂಬುದು. ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಶೇಖರವಾಗುತ್ತಿದ್ದರೆ ಮನುಷ್ಯ ಮೊದಲು ಸರಿಯಾಗಿಯೇ ಮಾತಾಡಿ ಆಮೇಲೆ ಕುಸಿಯಬಹುದು. ಅದಕ್ಕೇ ಮತ್ತೆ ಮತ್ತೆ ನೋಡುವುದು. 2 ಅಂಕ ಇಳಿದರೆ ಓಡಬೇಕು. ದೃಷ್ಟಿ ತೆಗೆಸಿ ಮಲಗಿಸಿದರೆ ಆ ಇಳಿತವನ್ನು ಯಾರೂ ಕಾಣುವುದಿಲ್ಲ.

ಸ್ಕ್ಯಾನಿಂಗಿನ ಕತೆ ಹಡಗುಕಟ್ಟೆಗಳ ಊರಿನಲ್ಲೇ ನಡೆಯಬೇಕಿತ್ತೇನೋ. ಬೆಸುಗೆಯೊಳಗಿನ ಬಿರುಕು ಹುಡುಕಲು ಕಾರ್ಖಾನೆಗಳಲ್ಲಿ ಶ್ರವಣಾತೀತ ಧ್ವನಿಯ ಯಂತ್ರಗಳಿದ್ದವು. 1955ರಲ್ಲಿ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನು ಪಕ್ಕದ ರೆನ್‌ಫ್ರೂವಿನ ಬಾಯ್ಲರ್ ಕಾರ್ಖಾನೆಗೆ ಒಯ್ದು, ಹೋಲಿಕೆಗೆ ಒಂದು ತುಂಡು ಮಾಂಸವನ್ನೂ ಇಟ್ಟು, ಆ ಯಂತ್ರದಲ್ಲಿ ಪರೀಕ್ಷಿಸಿದ. ಮುಂದೆ ಎಂಜಿನಿಯರ್ ಟಾಮ್ ಬ್ರೌನ್ ಮನುಷ್ಯರಿಗೆ ತಕ್ಕ ಯಂತ್ರ ಕಟ್ಟಿದ. ಅವನಿದ್ದ ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯ ಬೇರು ಇರುವುದು ಅದೇ ವಿಶ್ವವಿದ್ಯಾಲಯದ ವಿಲಿಯಂ ಥಾಮ್ಸನ್‌ನ, ಅಂದರೆ ತಾಪಮಾನಕ್ಕೆ ನಿರಪೇಕ್ಷ ಮಾನ ಕೊಟ್ಟ ಲಾರ್ಡ್ ಕೆಲ್ವಿನ್‌ನ, ಉಪಕರಣದ ಅಂಗಡಿಯಲ್ಲಿ. ಜಾನ್ ಮ್ಯಾಕ್‌ವಿಕಾರ್ ಜೊತೆ ಸೇರಿ ಈ ಮೂವರ ಲೇಖನ 1958ರಲ್ಲಿ ಬಂತು.

ತತ್ವ ಸರಳ. ಮೈಯೊಳಗೆ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 10 ಸೆಂಟಿಮೀಟರ್ ಆಳದಿಂದ ಪ್ರತಿಧ್ವನಿ ಮರಳಲು ಸುಮಾರು 130 ಮೈಕ್ರೋಸೆಕೆಂಡ್. ಶತ್ರು ಗಾಳಿ. ಅಂಗಾಂಶಕ್ಕೂ ಗಾಳಿಗೂ ನಡುವೆ ಧ್ವನಿ ಬಹುತೇಕ ಪೂರ್ತಿ ಹಿಂದಕ್ಕೆ ಪುಟಿಯುತ್ತದೆ, ಅದರಾಚೆ ಏನೂ ಕಾಣದು. ಹೊಟ್ಟೆಗೆ ಜೆಲ್ ಹಚ್ಚುವುದು ಚರ್ಮದ ಮೇಲಿನ ಗಾಳಿಯ ಪದರ ಕಳೆಯಲು. ಡೊನಾಲ್ಡ್ ತಂಡ ಆಲಿವ್ ಎಣ್ಣೆ ಬಳಸುತ್ತಿತ್ತು. ಒಳಗೆ ಕರುಳಿನ ಗಾಳಿ ಅಡ್ಡ ಬಂದಾಗ ಮೂತ್ರಕೋಶ ತುಂಬಿರುವಂತೆ ನೋಡಿಕೊಂಡರೆ ಅದು ಕರುಳನ್ನು ಪಕ್ಕಕ್ಕೆ ಸರಿಸಿ, ಎಳೆಯ ಗರ್ಭವನ್ನು ನೋಡಲು ನೀರಿನ ಕಿಟಕಿಯಾಗುತ್ತದೆ ಎಂದು ತೋರಿಸಿದ್ದೂ ಡೊನಾಲ್ಡೇ. ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡುವಾಗ ‘ನೀರು ಕುಡಿದು ತಡೆದುಕೊಂಡು ಬನ್ನಿ’ ಎಂದು ಹೇಳುವುದು ಇದಕ್ಕೇ. ಗರ್ಭಕೋಶ ಮೇಲೇರಿದ ಮೇಲೆ ಅದು ತಾನೇ ಕರುಳನ್ನು ಸರಿಸುತ್ತದೆ. ಆಗ ಸಾಮಾನ್ಯವಾಗಿ ಈ ಪಾಡು ಬೇಕಿಲ್ಲ.