ಹೊಸ ಕೋಚ್ ಬಂದ ಮೇಲೆ ಹಿರಿಯ ಆಟಗಾರರು ಮುನಿಸಿಕೊಂಡರೆ ಏನು ಮಾಡುವುದು?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಕಬಡ್ಡಿ ತಂಡ ಇದೆ. ಈ ಸಲ ಹೊಸ ಕೋಚ್ ಬಂದು ಅಭ್ಯಾಸದ ಹೊತ್ತು, ಊಟ, ರೈಡರ್‌ಗಳ ಸರದಿ ಎಲ್ಲವನ್ನೂ ಬದಲಾಯಿಸಿದರು. ಹಿರಿಯ ಆಟಗಾರರು ಮುಖ ಗಂಟು ಹಾಕಿಕೊಂಡಿದ್ದಾರೆ. ದೊಡ್ಡ ತಂಡಗಳು ಇದನ್ನು ಹೇಗೆ ನಿಭಾಯಿಸುತ್ತವೆ?

ಉತ್ತರ: ದೊಡ್ಡ ತಂಡಗಳೂ ಇಲ್ಲೇ ಎಡವಿವೆ. ಕ್ರಿಕೆಟ್ಟಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನೇ ಹೇಳುತ್ತೇನೆ.

2005ರಲ್ಲಿ ಗ್ರೆಗ್ ಚಾಪೆಲ್ ಭಾರತದ ಕೋಚ್ ಆದರು. ಹೊಸ ಹುಡುಗರು ಬರಬೇಕು, ಆಟದ ರೀತಿ ಬದಲಾಗಬೇಕು ಎಂಬುದು ಅವರ ಹಟ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾಯಕ ಸೌರವ್ ಗಂಗೂಲಿ ಬಗ್ಗೆ ಮಂಡಳಿಗೆ ಬರೆದ ಇಮೇಲ್ ಅದೇ ವರ್ಷ ಸೋರಿ ಪತ್ರಿಕೆಗಳಿಗೆ ಬಂತು. ಹಾಗಾದ ಮೇಲೆ ಕೋಚ್ ಒಳ್ಳೆಯದು ಹೇಳಿದರೂ ಅನುಮಾನ, ಅಲ್ವಾ? 2007ರ ವಿಶ್ವಕಪ್‌ನಲ್ಲಿ ತಂಡ ಮೊದಲ ಸುತ್ತಿಗೇ ಮನೆಗೆ ಬಂತು, ಚಾಪೆಲ್ ಹೊರಟರು. 2008ರಲ್ಲಿ ಗ್ಯಾರಿ ಕರ್ಸ್ಟನ್ ಬಂದರು. ಸಚಿನ್, ಸೆಹ್ವಾಗ್, ಜಹೀರ್, ಹರ್ಭಜನ್ ಅವರೇ ಇದ್ದರು. ಕರ್ಸ್ಟನ್ ಸದ್ದಿಲ್ಲದೆ ಒಬ್ಬೊಬ್ಬರ ಜೊತೆ ಕೆಲಸ ಮಾಡಿದರು. 2011ರ ಕಪ್ ಬಂತು.

ಗೆದ್ದರೆ ಎಲ್ಲ ಸರಿಹೋಗುತ್ತದೆ ಅಂತಾರೆ. ನಾನು ಒಪ್ಪುವುದಿಲ್ಲ. ನಮ್ಮ ಅನಿಲ್ ಕುಂಬ್ಳೆ ಕೋಚ್ ಆಗಿದ್ದ ವರ್ಷದಲ್ಲಿ ಭಾರತ ಆಡಿದ 17 ಟೆಸ್ಟ್‌ಗಳಲ್ಲಿ 12 ಗೆದ್ದಿತು, ಸೋತಿದ್ದು ಒಂದೇ. ಆದರೂ 2017ರ ಜೂನ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ತಮ್ಮ ಶೈಲಿ ನಾಯಕನಿಗೆ ಸರಿಬರುತ್ತಿಲ್ಲ ಎಂದು ಮಂಡಳಿಯಿಂದ ಮೊದಲ ಸಲ ತಿಳಿದದ್ದು ಹಿಂದಿನ ದಿನವಷ್ಟೇ ಎಂದು ಅವರೇ ಬರೆದರು. ನನಗೆ ಇವತ್ತಿಗೂ ಬೇಸರವಾಗುವ ಮಾತದು. ವರ್ಷವಿಡೀ ಒಟ್ಟಿಗೆ ಓಡಾಡಿದವರ ನಡುವಿನ ಮಾತು ಮೂರನೆಯವರ ಬಾಯಿಂದ ಬರಬೇಕೆ?

ಹಾಗಾಗಿ ನಿಮ್ಮಲ್ಲಿ ಮೊದಲು ನೋಡಬೇಕಾದ್ದು ಇಷ್ಟು: ಏನು ಬದಲಾಯಿತು ಅನ್ನುವುದಕ್ಕಿಂತ, ಅದು ಯಾರಿಗೆ, ಯಾವಾಗ, ಯಾರಿಂದ ಗೊತ್ತಾಯಿತು? ಡು-ಆರ್-ಡೈ ರೈಡ್‌ಗೆ, ಅಂದರೆ ಪಾಯಿಂಟ್ ತರಲೇಬೇಕಾದ ದಾಳಿಗೆ, ಹಿರಿಯ ರೈಡರ್ ಬದಲು ಹುಡುಗನನ್ನು ಕಳಿಸಿದರೆ, 'ನಿನ್ನ ಕಾಲ ಮುಗೀತು' ಅಂತಲೇ ಆ ಹಿರಿಯನಿಗೆ ಕೇಳಿಸುತ್ತದೆ. ಕೋಚ್ ಮನಸ್ಸಿನಲ್ಲಿ ಇದ್ದದ್ದು ಕೊನೆಯ ಐದು ನಿಮಿಷಕ್ಕೆ ಅವನ ಕಾಲಿನಲ್ಲಿ ಕಸುವು ಉಳಿಯಲಿ ಅಂತ ಇರಬಹುದು. ಅದನ್ನು ಮ್ಯಾಟ್‌ಗೆ ಇಳಿಯುವ ಮೊದಲೇ ಹೇಳಬೇಕಿತ್ತು. ಎಲ್ಲವನ್ನೂ ಒಂದೇ ವಾರದಲ್ಲಿ ಬದಲಾಯಿಸುವುದೂ ಬೇಡ. ಊಟದ ವಿಷಯ ಸ್ವಲ್ಪ ದಿನ ಹಾಗೇ ಇರಲಿ.

ಇನ್ನು ಫಿಜಿಯೋ, ಟ್ರೇನರ್‌ಗಳನ್ನು ಯಾರೂ ಕೇಳುವುದೇ ಇಲ್ಲ. ಕೋಚ್‌ಗಳು ಬಂದು ಹೋಗುತ್ತಾರೆ, ಇವರು ಉಳಿಯುತ್ತಾರೆ. ಬ್ರಿಟನ್ನಿನಲ್ಲಿ ಸಂಶೋಧಕ ಕ್ರಿಸ್ ವ್ಯಾಗ್‌ಸ್ಟಾಫ್ ಮತ್ತು ಜೊತೆಯವರು ಬದಲಾವಣೆಯ ಅನುಭವದ ಬಗ್ಗೆ ಇಂಥ ಸಿಬ್ಬಂದಿಯನ್ನೇ ಮಾತಾಡಿಸಿದರು. ಮೊದಲು ಏನಾಗುತ್ತದೋ ಎಂಬ ಆತಂಕ, ಆಮೇಲೆ ಗೊಂದಲ, ಆಮೇಲೆ ಹೊಸದನ್ನು ಮಾಡಿ ನೋಡುವುದು, ಕೊನೆಗೆ ರೂಢಿಯಾಗುವುದು ಎಂದು ನಾಲ್ಕು ಹಂತ ಕಂಡವು. ನಿಮ್ಮವರು ಈಗ ಎರಡನೆಯದರಲ್ಲಿ ಇದ್ದಂತಿದೆ. ಕಾಲು ತಿಕ್ಕಿಸಿಕೊಳ್ಳುವಾಗ ಆಟಗಾರ ಕೋಚ್‌ಗೆ ಹೇಳದ್ದನ್ನೂ ಹೇಳುತ್ತಾನೆ. ಹೆಸರು ಬೇಡ, ತಂಡದ ಮನಸ್ಸು ಹೇಗಿದೆ ಅಂತ ಅವರನ್ನು ಕೇಳಿ.

ಇಷ್ಟಾದರೂ ಒಬ್ಬ ಹಿರಿಯನನ್ನು ಬಿಡಲೇಬೇಕಾದರೆ, ಕೋಚ್ ಅವರ ಮನೆಗೇ ಹೋಗಿ ಕೂತು ಹೇಳಲಿ. ವಾಟ್ಸಾಪ್ ಗ್ರೂಪಿಗೆ ಪಟ್ಟಿ ಹಾಕುವುದು ಆಮೇಲೆ.