ಡೋಪಮೈನ್ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ

ಪಾರ್ನ್ ನೋಡಿದರೆ ನೆನಪಿನ ಶಕ್ತಿ ಹೋಗುತ್ತೆ, ನರ ಸತ್ತುಹೋಗುತ್ತೆ, ಮೆದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಡೋಪಮೈನ್ ಅನ್ನೋ ರಾಸಾಯನಿಕ ಖಾಲಿಯಾಗುತ್ತೆ. ಇಂಥ ಮಾತು ಕೇಳಿದಾಗಲೆಲ್ಲ ನನಗೆ ಟಿಸ್ಸೋ ನೆನಪಾಗುತ್ತಾನೆ. ಸ್ವಿಟ್ಜರ್ಲೆಂಡಿನ ಈ ವೈದ್ಯ 1760ರಲ್ಲಿ ಹಸ್ತಮೈಥುನದ ವಿರುದ್ಧ ಒಂದು ಪುಸ್ತಕವನ್ನೇ ಹೊರತಂದ. ವೀರ್ಯ ಪೋಲಾದರೆ ಕಣ್ಣು ಮಂಜಾಗುತ್ತದೆ, ಬುದ್ಧಿ ಕೆಡುತ್ತದೆ ಅಂದ. ಯುರೋಪು ನೂರು ವರ್ಷಕ್ಕೂ ಜಾಸ್ತಿ ಕಾಲ ಅದನ್ನು ನಂಬಿಕೊಂಡು ಹೆದರಿತು. ಈಗ ವೀರ್ಯ ಇದ್ದ ಜಾಗಕ್ಕೆ ಡೋಪಮೈನ್ ಬಂದು ಕೂತಿದೆ, ಅಷ್ಟೇ.

ಮೊದಲಿಗೆ, ಡೋಪಮೈನ್ ಸುಖದ ರಸ ಅನ್ನೋದೇ ತಪ್ಪು. 1990ರ ದಶಕದಲ್ಲಿ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೆದುಳಿಗೆ ಕೂದಲೆಳೆಯಂಥ ತಂತಿ ಇಳಿಸಿ ಡೋಪಮೈನ್ ಕೋಶಗಳ ಮಿಡಿತ ಅಳೆದರು. ಕೋತಿಯ ಬಾಯಿಗೆ ಅಚಾನಕ್ಕಾಗಿ ಹಣ್ಣಿನ ರಸ ಬಿದ್ದರೆ ಕೋಶಗಳು ಪಟಪಟನೆ ಮಿಡಿದವು. ಆಮೇಲೆ ರಸಕ್ಕೆ ಮುಂಚೆ ಒಂದು ಸೂಚನೆ ಕೊಡತೊಡಗಿದರು. ಕೋತಿ ಅದನ್ನು ಕಲಿತ ಮೇಲೆ ಮಿಡಿತ ಸೂಚನೆಯ ಹೊತ್ತಿಗೇ ಬಂತು. ರಸ ಬಿದ್ದಾಗ ಕೋಶಗಳು ತಲೆಯೇ ಕೆಡಿಸಿಕೊಳ್ಳಲಿಲ್ಲ. ಸೂಚನೆ ಕೊಟ್ಟು ರಸ ಕೊಡದಿದ್ದರೆ? ರಸ ಬರಬೇಕಿದ್ದ ಕ್ಷಣಕ್ಕೆ ಸರಿಯಾಗಿ ಮಿಡಿತ ಕುಸಿಯಿತು!

ಅಂದರೆ ಡೋಪಮೈನ್ ಒಬ್ಬ ಲೆಕ್ಕಿಗ. ಅಂದುಕೊಂಡಿದ್ದೆಷ್ಟು, ಸಿಕ್ಕಿದ್ದೆಷ್ಟು ಅಂತ ಬರೆದಿಡುವುದು ಅವನ ಕೆಲಸ. ಲೆಕ್ಕಿಗ ಸಪ್ಪೆ ಅನಿಸಿದರೆ ಗಾಳ ಹಾಕಿ ಕೂತವರನ್ನು ನೆನೆಸಿಕೊಳ್ಳಿ. ಹಿಡಿದ ಮೀನು ಬುಟ್ಟಿಯಲ್ಲಿ ಬಿದ್ದಿರುತ್ತದೆ, ಅವರ ಕಣ್ಣು ಮಾತ್ರ ದಾರದ ಮೇಲೆ. ಅಲ್ಲಾಡಿತಾ? ಇನ್ನೂ ದೊಡ್ಡದಿರಬಹುದಾ? ಇಲ್ಲವೇ ಇಸ್ಪೀಟು ಆಡುವವರನ್ನು ನೋಡಿ. ಕೈಯಲ್ಲಿರುವ ಎಲೆಗಿಂತ ಇನ್ನೂ ಎತ್ತದ ಎಲೆಯೇ ಅವರನ್ನು ಎಳೆಯುತ್ತದೆ. ಪಾರ್ನ್ ಸೈಟಿನಲ್ಲಿ ಪುಟದ ತುಂಬ ಹರಡಿರುವ ಪುಟ್ಟ ಚಿತ್ರಗಳು ಇಂಥ ಎತ್ತದ ಎಲೆಗಳೇ. ಬೇಕು ಅನಿಸುವುದು ಬೇರೆ, ಹಿತ ಅನಿಸುವುದು ಬೇರೆ ಎಂದು ನರವಿಜ್ಞಾನಿ ಕೆಂಟ್ ಬೆರಿಜ್ ಇಲಿಗಳಲ್ಲಿ ತೋರಿಸಿದ್ದಾರೆ. ಡೋಪಮೈನ್ ಇಲ್ಲದ ಇಲಿಯ ನಾಲಿಗೆಗೆ ಸಿಹಿ ಹಚ್ಚಿದರೆ ಖುಷಿಯಿಂದ ಚಪ್ಪರಿಸುತ್ತದೆ. ಅದನ್ನು ಹುಡುಕಿಕೊಂಡು ಮಾತ್ರ ಹೋಗುವುದಿಲ್ಲ. ಗಂಟೆಗಟ್ಟಲೆ ಹುಡುಕುತ್ತಾ, ಸಿಕ್ಕಿದ್ದರಲ್ಲಿ ಅರ್ಧ ನಿಮಿಷವೂ ನಿಲ್ಲದವರದು ಇದರ ಉಲ್ಟಾ ಕತೆ.

ಹಾಗಾಗಿ ಹೊಸದಾಗಿ ಬಂದಿರುವುದು ಬೆತ್ತಲೆ ಅಲ್ಲ. ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಹಳೇ ರೋಮನ್ ನಗರ ಪೊಂಪೆಯ ಗೋಡೆಗಳಲ್ಲೇ ಅದು ಬೇಕಾದಷ್ಟಿತ್ತು. ಅಲ್ಲಿ ಅಗೆದು ತೆಗೆದ ಕಾಮಚಿತ್ರಗಳನ್ನು 1819ರಲ್ಲಿ ನೇಪಲ್ಸ್‌ನ ಮ್ಯೂಸಿಯಂ ಒಂದು ಕೋಣೆಗೆ ತುಂಬಿ ಬೀಗ ಹಾಕಿತು. ದೊಡ್ಡ ಮನುಷ್ಯರು ಅನಿಸಿಕೊಂಡ ಗಂಡಸರಿಗೆ ಮಾತ್ರ ಪ್ರವೇಶ! ಆ ಕೋಣೆ ಎಲ್ಲರಿಗೂ ತೆರೆದದ್ದು 2000ದಲ್ಲಿ. ಅಷ್ಟರಲ್ಲಿ ಇಂಟರ್‌ನೆಟ್ ಬೀಗಕ್ಕೆ ಅರ್ಥವೇ ಇಲ್ಲದಂತೆ ಮಾಡಿಬಿಟ್ಟಿತ್ತು. ಕೈಗೆ ಸಿಗುತ್ತದೆ, ಕಾಸು ಬೇಕಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಈ ಮೂರೂ ಸೇರಿದ್ದೇ ಹೊಸತು ಎಂದು ಮನಶ್ಶಾಸ್ತ್ರಜ್ಞ ಆಲ್ ಕೂಪರ್ 1998ರಲ್ಲೇ ಹೇಳಿದ್ದರು. ನಾಲ್ಕನೆಯದನ್ನು ನಾನು ಸೇರಿಸುತ್ತೇನೆ: ಪತ್ರಿಕೆಗೆ ಕೊನೆಯ ಪುಟ ಅಂತ ಒಂದಿತ್ತು, ಸೈಟಿಗೆ ಅದೂ ಇಲ್ಲ.

ಅತ್ಯಾಚಾರ ಹೆಚ್ಚುತ್ತದೆ ಎಂಬ ಭಯವೂ ಹಳೆಯದೇ. ಡೆನ್ಮಾರ್ಕ್ 1969ರಲ್ಲಿ ಅಶ್ಲೀಲ ಚಿತ್ರಗಳ ಮೇಲಿನ ನಿಷೇಧ ತೆಗೆದಾಗ ಅಪರಾಧಶಾಸ್ತ್ರಜ್ಞ ಬೆರ್ಲ್ ಕುಚಿನ್ಸ್ಕಿ ಪೊಲೀಸ್ ದಾಖಲೆಗಳನ್ನು ಜಾಲಾಡಿದರು. ಹೆದರಿದಂತೆ ಆಗಿರಲಿಲ್ಲ. ಆದರೆ ಅದು ಅಚ್ಚಿನ ಕಾಲ, ಕೊಳ್ಳುವವರು ದೊಡ್ಡವರು. ಅದನ್ನೇ ಹಿಡಿದುಕೊಂಡು ಈಗಲೂ ಏನೂ ತೊಂದರೆ ಇಲ್ಲ ಅನ್ನುವವರನ್ನು ನಾನು ಒಪ್ಪುವುದಿಲ್ಲ.

ನನ್ನ ಚಿಂತೆ ಇರುವುದು ಪಾಠದ ಬಗ್ಗೆ. ಸಿನಿಮಾದಲ್ಲಿ ಹೀರೋ ಒಬ್ಬನೇ ಹತ್ತು ಜನರನ್ನು ಚಚ್ಚಿದರೆ ಮಕ್ಕಳೂ ನಗುತ್ತಾರೆ, ಯಾಕೆಂದರೆ ಅವರು ನಿಜವಾದ ಜಗಳ ನೋಡಿದ್ದಾರೆ. ಕಾಮದ ವಿಷಯದಲ್ಲಿ ಹೋಲಿಸಿ ನೋಡಲು ಹದಿಮೂರರ ಹುಡುಗನಿಗೆ ಏನಿದೆ? ಮನೆಯಲ್ಲಿ ಮಾತಿಲ್ಲ, ಶಾಲೆಯಲ್ಲಿ ಮೇಷ್ಟ್ರು ಆ ಅಧ್ಯಾಯ ಹಾರಿಸುತ್ತಾರೆ. ಪರದೆಯ ಮೇಲೆ ಯಾರೂ ಯಾರನ್ನೂ ಕೇಳುವುದಿಲ್ಲ, ಬೇಡ ಅನ್ನುವುದಿಲ್ಲ, ಕಾಂಡೋಮ್ ಅಪರೂಪ, ತಡವರಿಕೆ ಇಲ್ಲವೇ ಇಲ್ಲ. ಆ ಹುಡುಗಿ ಒಪ್ಪಿಯೇ ಕ್ಯಾಮೆರಾ ಮುಂದೆ ಬಂದಳೋ, ಕದ್ದು ಚಿತ್ರಿಸಿದ್ದೋ ಅನ್ನುವುದೂ ನೋಡುವವರಿಗೆ ತಿಳಿಯದು. ಜಾಸ್ತಿ ನೋಡುವ ಹದಿಹರೆಯದವರಲ್ಲಿ ಗಂಡು ಹೀಗೇ, ಹೆಣ್ಣು ಹೀಗೇ ಅನ್ನುವ ಅಚ್ಚೊತ್ತಿದ ನಂಬಿಕೆ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ನೋಡಿದ್ದರಿಂದ ನಂಬಿಕೆ ಬಂತೋ, ನಂಬಿಕೆ ಇದ್ದವರೇ ಜಾಸ್ತಿ ನೋಡಿದರೋ ಎಂಬ ಗಂಟು ಬಿಚ್ಚಿಲ್ಲ.

ಇನ್ನು ಚಟದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಪಾರ್ನ್ ಚಟ ಅಂತ ಕಾಯಿಲೆ ಇಲ್ಲ. ಹಿಡಿತ ತಪ್ಪಿದ ಲೈಂಗಿಕ ವರ್ತನೆ ಅನ್ನುವುದು ಇದೆ. ಆರು ತಿಂಗಳು ಅಥವಾ ಜಾಸ್ತಿ ಕಾಲ ಹಿಡಿತ ಸಿಗದೆ, ಕೆಲಸ, ಸಂಬಂಧ, ಆರೋಗ್ಯ ಕೆಡುತ್ತಿದ್ದರೆ ಮಾತ್ರ ಆ ಹೆಸರು. ಇದು ಪಾಪ ಅನಿಸಿ ಆಗುವ ಸಂಕಟವೊಂದೇ ಅದಕ್ಕೆ ಸಾಲದು ಎಂದೂ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಬರೆಯಲು ಕಾರಣವಿತ್ತು. ತಾವು ಮಾಡುತ್ತಿರುವುದು ಘೋರ ತಪ್ಪು ಎಂದು ನಂಬಿದವರು ಅಪರೂಪಕ್ಕೆ ನೋಡಿದರೂ ತಮ್ಮನ್ನು ತಾವೇ ಚಟಗಾರರು ಅಂದುಕೊಳ್ಳುವುದನ್ನು ಜೋಶುವಾ ಗ್ರಬ್ಸ್ ಅವರಂಥ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಅವರಿಗೆ ಡೋಪಮೈನ್ ಖಾಲಿಯಾಗಿಲ್ಲ. ಟಿಸ್ಸೋ ತಗುಲಿಕೊಂಡಿದ್ದಾನೆ.