ಟೀಮಿಗೋಸ್ಕರ ಗುದ್ದಾಡಿದವರ ಮಿದುಳು

2025ರ ಫೆಬ್ರವರಿ 15, ಮಾಂಟ್ರಿಯಲ್. ಅಮೆರಿಕ-ಕೆನಡಾ ಐಸ್ ಹಾಕಿ ಮ್ಯಾಚಿನ ಗಡಿಯಾರ ಬರೀ ಒಂಬತ್ತು ಸೆಕೆಂಡು ಓಡಿತ್ತು, ಅಷ್ಟರಲ್ಲೇ ಮೂರು ಹೊಡೆದಾಟ ಮುಗಿದಿತ್ತು. ಅಮೆರಿಕ ಕಡೆಯಿಂದ ಮ್ಯಾಥ್ಯೂ ಟ್ಕಚುಕ್, ಅವನ ತಮ್ಮ ಬ್ರೇಡಿ, ಆಮೇಲೆ ಜೆ.ಟಿ. ಮಿಲ್ಲರ್, ಒಬ್ಬನಾದ ಮೇಲೊಬ್ಬ ಗ್ಲೌಸ್ ಬಿಸಾಕಿ ಇಳಿದ್ರು, ಸ್ಟೇಡಿಯಂ ಪೂರ್ತಿ ಎದ್ದು ನಿಂತು ಕೂಗ್ತಿತ್ತು. ಹಾಕಿ ಅಂದ್ರೆ ಕೊಡಗಿನ ಮೈದಾನ ನೆನಪಾಗೋ ನಮಗೆ ಇದು ಅರ್ಥ ಆಗೋದು ಕಷ್ಟ. ಅಮೆರಿಕ-ಕೆನಡಾದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಕೈಕೈ ಮಿಲಾಯಿಸಿದ್ರೆ ಶಿಕ್ಷೆ 5 ನಿಮಿಷ ಪೆನಾಲ್ಟಿ ಬಾಕ್ಸಲ್ಲಿ ಕೂರೋದು, ಆಮೇಲೆ ಎದ್ದು ಬಂದು ಮತ್ತೆ ಆಡಬಹುದು.

ಇದರ ಹಿಂದೆ ಒಂದು ನಂಬಿಕೆ ಇದೆ, ಅದನ್ನ ಗೌರವದಿಂದಲೇ ನೋಡ್ಬೇಕು. ಗಂಟೆಗೆ 30-40 ಕಿಮೀ ವೇಗದಲ್ಲಿ ಜಾರ್ತಾ ಬಂದು ಡಿಕ್ಕಿ ಹೊಡೆಯೋ ಆಟ ಇದು, ರೆಫ್ರಿ ಕಣ್ಣು ಎಲ್ಲಾ ಕಡೆ ಇರಲ್ಲ, ಹಾಗಾಗಿ ನಮ್ಮ ಹುಡುಗನನ್ನ ಕೆಟ್ಟದಾಗಿ ಹೊಡೆದ್ರೆ ನಾನಿದ್ದೀನಿ ಅಂತ ಒಬ್ಬ ಮುಂದೆ ಬರ್ಬೇಕು. ಅಂಥವನಿಗೆ ಎನ್‌ಫೋರ್ಸರ್ ಅಂತಾರೆ. ಎಡ್ಮಂಟನ್ ಆಯ್ಲರ್ಸ್ ಟೀಮಲ್ಲಿ ಸ್ಟಾರ್ ಆಟಗಾರ ವೇಯ್ನ್ ಗ್ರೆಟ್ಸ್ಕಿ ಅಷ್ಟು ಆರಾಮಾಗಿ ಆಡ್ತಿದ್ದದ್ದಕ್ಕೆ ಡೇವ್ ಸೆಮೆಂಕೊ, ಆಮೇಲೆ ಮಾರ್ಟಿ ಮೆಕ್ಸೋರ್ಲಿ ಅನ್ನೋ ಎನ್‌ಫೋರ್ಸರ್‌ಗಳು ಪಕ್ಕದಲ್ಲಿ ಇದ್ದದ್ದೂ ಒಂದು ಕಾರಣ ಅಂತ ಇವತ್ತಿಗೂ ಹೇಳ್ತಾರೆ. 1988ರಲ್ಲಿ ಗ್ರೆಟ್ಸ್ಕಿ ಲಾಸ್ ಏಂಜಲೀಸ್‌ಗೆ ಹೋದಾಗ ಮೆಕ್ಸೋರ್ಲಿನೂ ಜೊತೆಗೇ ಹೋದ.

ಈ ಹೊಡೆದಾಟದ ಭೌತಶಾಸ್ತ್ರನೇ ಬೇರೆ. ನೆಲದ ಮೇಲೆ ಗುದ್ದಿನ ಬಲ ಬರೋದು ಬರೀ ತೋಳಿಂದ ಅಲ್ಲ, ಪಾದ ನೆಲವನ್ನ ಹಿಂದಕ್ಕೆ ಒತ್ತತ್ತೆ, ನೆಲ ನಮ್ಮನ್ನ ಮುಂದಕ್ಕೆ ತಳ್ಳತ್ತೆ, ಆ ಬಲ ಸೊಂಟ, ಭುಜ ದಾಟಿ ಮುಷ್ಟಿಗೆ ಬರತ್ತೆ. ಮಂಜುಗಡ್ಡೆ ಮೇಲೆ ಸ್ಕೇಟಿನ ಕೆಳಗೆ ಘರ್ಷಣೆ ತೀರಾ ಕಮ್ಮಿ, ನ್ಯೂಟನ್ನನ ಮೂರನೇ ನಿಯಮದ ಪ್ರಕಾರ ಗುದ್ದಿದವನೇ ಹಿಂದಕ್ಕೆ ಜಾರಿ ಹೋಗ್ತಾನೆ. ಅದಕ್ಕೇ ಒಂದು ಕೈಲಿ ಎದುರಾಳಿಯ ಜೆರ್ಸಿ ಗಟ್ಟಿಯಾಗಿ ಹಿಡ್ಕೊಂಡು ತನ್ನ ಕಡೆಗೆ ಎಳೀತಾ ಇನ್ನೊಂದು ಕೈಲಿ ಗುದ್ದೋದು, ಅಂದ್ರೆ ತಲೆ ಮುಷ್ಟಿ ಕಡೆಗೆ ಬರ್ತಿರತ್ತೆ, ಮುಷ್ಟಿ ತಲೆ ಕಡೆಗೆ ಹೋಗ್ತಿರತ್ತೆ. ಕೊನೆಗೆ ಇಬ್ರಲ್ಲಿ ಒಬ್ಬ ಬೀಳ್ತಾನೆ. ಸ್ಕೇಟ್ ಹಾಕಿದ ಎತ್ತರದ ಆಳಿನ ತಲೆ ಸುಮಾರು ಎರಡು ಮೀಟರ್ ಮೇಲಿರತ್ತೆ, ಅಲ್ಲಿಂದ ಬಿದ್ರೆ ಕೆಳಗೆ ತಾಗೋ ಹೊತ್ತಿಗೆ ವೇಗ ಗಂಟೆಗೆ 20 ಕಿಮೀ ದಾಟಿರತ್ತೆ, ಕೆಳಗಿರೋದು ಕಲ್ಲಿನಂಥ ಮಂಜುಗಡ್ಡೆ. 2008ರ ಡಿಸೆಂಬರಲ್ಲಿ ಒಂಟಾರಿಯೋದ ಒಂದು ಲೀಗಲ್ಲಿ ಡಾನ್ ಸ್ಯಾಂಡರ್ಸನ್ ಅನ್ನೋ 21ರ ಹುಡುಗನ ಹೆಲ್ಮೆಟ್ ಹೊಡೆದಾಟದಲ್ಲಿ ಕಳಚಿ ತಲೆ ಐಸಿಗೆ ಬಡೀತು, ಕೋಮಾಕ್ಕೆ ಹೋದವನು 2009ರ ಜನವರಿ 2ಕ್ಕೆ ತೀರ್ಕೊಂಡ.

ಬಿದ್ದಿದ್ದು ಕಣ್ಣಿಗೆ ಕಾಣತ್ತೆ, ಒಳಗೆ ಆಗೋದು ಕಾಣಲ್ಲ. 1943ರಲ್ಲಿ ಆಕ್ಸ್‌ಫರ್ಡಿನ ಹೋಲ್ಬರ್ನ್ ಅನ್ನೋ ಭೌತವಿಜ್ಞಾನಿ ಜೆಲಾಟಿನ್‌ನಿಂದ ಮಿದುಳಿನ ಮಾದರಿ ಮಾಡಿ, ತಲೆ ನೇರವಾಗಿ ಅಲುಗೋದಕ್ಕಿಂತ ಗಿರಕ್ ಅಂತ ತಿರುಗಿದಾಗಲೇ ಮಿದುಳಿಗೆ ಹೆಚ್ಚು ಹಾನಿ ಅಂತ ತೋರಿಸಿದ. ದವಡೆಗೆ ಬೀಳೋ ಗುದ್ದು ಮಾಡೋದು ಇದನ್ನೇ. ಬುರುಡೆ ತಟ್ಟನೆ ತಿರುಗತ್ತೆ, ಒಳಗಿರೋ ಮೆತ್ತಗಿನ ಮಿದುಳು ಹಿಂದೆ ಉಳಿಯತ್ತೆ, ನರಕೋಶಗಳ ಉದ್ದನೆ ಎಳೆಗಳು ಜಗ್ಗತ್ವೆ. ಆ ಎಳೆಗಳ ಒಳಗೆ ಸಾಮಾನು ಸಾಗಿಸೋ ಸೂಕ್ಷ್ಮ ಕೊಳವೆಗಳಿವೆ, ಅವನ್ನ ಅಲುಗದ ಹಾಗೆ ಹಿಡ್ಕೊಂಡಿರೋದು ಟೌ ಅನ್ನೋ ಪ್ರೋಟೀನ್. ಪದೇ ಪದೇ ಪೆಟ್ಟು ಬಿದ್ರೆ ಟೌ ಕಳಚಿಕೊಂಡು ಗಂಟು ಕಟ್ಟೋಕೆ ಶುರು ಮಾಡತ್ತೆ, ಮಿದುಳಿನ ಮಡಿಕೆಗಳ ತಳದಲ್ಲಿ ಸಣ್ಣ ರಕ್ತನಾಳಗಳ ಸುತ್ತ ಮೊದಲು, ಆಮೇಲೆ ಬೇರೆ ಕಡೆಗೂ. ಇದೇ ಸಿಟಿಇ ಅನ್ನೋ ಕಾಯಿಲೆ. ಮರೆವು, ಸಿಟ್ಟು, ಖಿನ್ನತೆ, ಕೆಲವೊಮ್ಮೆ ಆಟ ಬಿಟ್ಟು ಎಷ್ಟೋ ವರ್ಷ ಆದ್ಮೇಲೆ. ಖಚಿತವಾಗಿ ಪತ್ತೆ ಮಾಡೋಕೆ ಇವತ್ತಿಗೂ ಸತ್ತ ಮೇಲೆ ಮಿದುಳು ಕೊಯ್ದೇ ನೋಡ್ಬೇಕು.

ಡೆರೆಕ್ ಬೂಗಾರ್ಡ್‌ನ ಕತೆ ಓದಿದ್ರೆ ಹೊಟ್ಟೆ ಕಿವುಚಿದ ಹಾಗಾಗತ್ತೆ. ಆರಡಿ ಏಳಿಂಚಿನ ಆಳು, 277 ಎನ್‌ಎಚ್‌ಎಲ್ ಮ್ಯಾಚಲ್ಲಿ ಹೊಡೆದ ಗೋಲು ಮೂರೇ ಮೂರು, ಆದ್ರೂ 2010ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಅವನಿಗೆ ನಾಲ್ಕು ವರ್ಷಕ್ಕೆ 65 ಲಕ್ಷ ಡಾಲರ್ ಕೊಟ್ಟು ತಗೊಂಡ್ರು, ಯಾಕಂದ್ರೆ ಅವನ ಕೆಲಸ ಗುದ್ದೋದು. ಆ ಕೆಲಸದ ನೋವಿಗೆ ಮಾತ್ರೆ, ಮಾತ್ರೆ ಚಟಕ್ಕೆ ಇನ್ನಷ್ಟು ಮಾತ್ರೆ. 2011ರ ಮೇ ತಿಂಗಳಲ್ಲಿ ಆಲ್ಕೋಹಾಲ್ ಮತ್ತು ನೋವಿನ ಮಾತ್ರೆ ಆಕ್ಸಿಕೋಡೋನ್ ಒಟ್ಟಾಗಿ ಜೀವ ತೆಗೀತು, ವಯಸ್ಸು 28. ಮನೆಯವರು ಮಿದುಳನ್ನ ಬಾಸ್ಟನ್ ಯೂನಿವರ್ಸಿಟಿಗೆ ಕೊಟ್ರು, ಅಲ್ಲಿ ಆನ್ ಮೆಕ್ಕೀ ತಂಡ ನೋಡಿದ್ರೆ ಅಷ್ಟು ಚಿಕ್ಕ ವಯಸ್ಸಿಗೇ ಸಿಟಿಇ ಸಾಕಷ್ಟು ಮುಂದುವರಿದಿತ್ತು.

ಒಬ್ಬನ ಕತೆಯಿಂದ ಎಲ್ಲರ ಬಗ್ಗೆ ಹೇಳೋಕಾಗಲ್ಲ ಅಂತೀರಾ, ಸರಿ. 2023ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯ ಸಂಶೋಧಕರು 1967ರಿಂದ ಈಚೆಗಿನ ಎನ್‌ಎಚ್‌ಎಲ್ ಆಟಗಾರರ ದಾಖಲೆ ಜಾಲಾಡಿದ್ರು. ತುಂಬಾ ಫೈಟ್ ಮಾಡಿದವರಲ್ಲಿ ಸತ್ತವರ ಸಂಖ್ಯೆ ಬೇರೆಯವರಿಗಿಂತ ಗಮನಾರ್ಹವಾಗಿ ಹೆಚ್ಚಿರಲಿಲ್ಲ, ಆದ್ರೆ ಸತ್ತವರು ತಮ್ಮಂಥದೇ ಉಳಿದ ಆಟಗಾರರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತಿದ್ರು, ಕಾರಣಗಳಲ್ಲಿ ಡ್ರಗ್ ಓವರ್‌ಡೋಸ್, ಆತ್ಮಹತ್ಯೆ, ಮಿದುಳು ಸವೆಯೋ ಕಾಯಿಲೆ ಇದ್ವು. ಮರು ವರ್ಷ ಬಾಸ್ಟನ್ ತಂಡ ದಾನವಾಗಿ ಬಂದ 77 ಹಾಕಿ ಆಟಗಾರರ ಮಿದುಳು ನೋಡಿ 42ರಲ್ಲಿ ಸಿಟಿಇ ಕಂಡ್ರು. ತೊಂದರೆ ಇದ್ದವರ ಮನೆಯವರೇ ಹೆಚ್ಚಾಗಿ ಮಿದುಳು ಕೊಡೋದು, ಹಾಗಾಗಿ ಎಲ್ಲಾ ಆಟಗಾರರಿಗೂ ಇದೇ ಪ್ರಮಾಣ ಅನ್ನೋ ಹಾಗಿಲ್ಲ. ಆದ್ರೆ ಇನ್ನೊಂದು ಅಂಶ ಗಟ್ಟಿಯಾಗಿದೆ, ಹೆಚ್ಚು ವರ್ಷ ಆಡಿದಷ್ಟೂ ಸಿಟಿಇ ಸಂಭವ ಏರ್ತಾ ಹೋಗತ್ತೆ. ಗುದ್ದು ಮಾತ್ರ ಅಲ್ಲ, ವರ್ಷಾನುಗಟ್ಟಲೆ ತಿನ್ನೋ ಸಣ್ಣಪುಟ್ಟ ಡಿಕ್ಕಿಗಳೂ ಲೆಕ್ಕಕ್ಕೆ ಬರತ್ವೆ.

ಇಷ್ಟೆಲ್ಲಾ ಬೆಲೆ ತೆತ್ತು ಟೀಮಿಗೆ ಸಿಕ್ಕ ರಕ್ಷಣೆ ಎಷ್ಟು? 2022ರಲ್ಲಿ ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಮೈಕಲ್ ಬೆಟ್ಜ್ ಹಲವು ಸೀಸನ್ನಿನ ಪೆನಾಲ್ಟಿ ಲೆಕ್ಕ ತೆಗೆದು ನೋಡಿದ್ರು. ಹೊಡೆದಾಟದ ಭಯದಿಂದ ಕೆಟ್ಟ ಫೌಲ್ ಕಮ್ಮಿ ಆಗತ್ತೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ, ಉಲ್ಟಾ ಜಾಸ್ತಿ ಗುದ್ದಾಡೋ ಟೀಮುಗಳೇ ಅಂಥ ಫೌಲನ್ನೂ ಜಾಸ್ತಿ ಮಾಡ್ತಿದ್ವು. ನನಗೆ ಇದರಲ್ಲಿ ಆಶ್ಚರ್ಯ ಕಾಣಲ್ಲ. 2004ರ ಫೆಬ್ರವರಿಯಲ್ಲಿ ಕೊಲೊರಾಡೊ ಟೀಮಿನ ಸ್ಟೀವ್ ಮೂರ್ ವ್ಯಾಂಕೂವರ್ ಟೀಮಿನ ಕ್ಯಾಪ್ಟನ್ ಮಾರ್ಕಸ್ ನಾಸ್ಲುಂಡ್ ತಲೆಗೆ ಡಿಕ್ಕಿ ಹೊಡೆದಾಗ ಪೆನಾಲ್ಟಿನೇ ಕೊಡಲಿಲ್ಲ. ಮಾರ್ಚ್ 8ಕ್ಕೆ ವ್ಯಾಂಕೂವರಿನ ಟಾಡ್ ಬರ್ಟುಜ್ಜಿ ಹಿಂದಿನಿಂದ ಬಂದು ಮೂರ್‌ಗೆ ಗುದ್ದಿ ಐಸ್ ಮೇಲೆ ಕೆಡವಿದ, ಮೂರ್‌ನ ಕತ್ತಿನ ಮೂಳೆಗಳು ಮುರಿದ್ವು, ಅವನು ಮತ್ತೆ ಎನ್‌ಎಚ್‌ಎಲ್‌ನಲ್ಲಿ ಆಡಲೇ ಇಲ್ಲ. ಮೊದಲ ಡಿಕ್ಕಿಗೇ ಲೀಗ್ ಗಟ್ಟಿಯಾಗಿ ಕ್ರಮ ತಗೊಂಡಿದ್ರೆ ಸೇಡು ತೀರಿಸೋ ಹೊರೆ ಆಟಗಾರನ ಹೆಗಲಿಗೆ ಬೀಳ್ತಿತ್ತಾ?

ಹೊಡೆದಾಟ ಕಮ್ಮಿಯಂತೂ ಆಗಿದೆ, 1980ರ ದಶಕದಲ್ಲಿ ಮ್ಯಾಚಿಗೊಂದರ ಹತ್ತಿರ ಇದ್ದದ್ದು ಈಗ ನಾಲ್ಕೈದು ಮ್ಯಾಚಿಗೆ ಒಂದಕ್ಕೆ ಇಳಿದಿದೆ. ಆದ್ರೂ ಎನ್‌ಎಚ್‌ಎಲ್ ಮುಖ್ಯಸ್ಥ ಗ್ಯಾರಿ ಬೆಟ್ಮನ್ 2019ರಲ್ಲಿ ಕೆನಡಾ ಸಂಸದರ ಸಮಿತಿ ಮುಂದೆ ಕೂತು, ತಲೆಪೆಟ್ಟಿಗೂ ಸಿಟಿಇಗೂ ನಿರ್ಣಾಯಕ ನಂಟು ಸಾಬೀತಾಗಿಲ್ಲ ಅನ್ನೋ ವಾದವನ್ನೇ ಹಿಡಿದಿದ್ರು. ಅಷ್ಟು ಹೊತ್ತಿಗೆ ಬೂಗಾರ್ಡ್ ಸತ್ತು ಎಂಟು ವರ್ಷ ಆಗಿತ್ತು. ಕೆಳಗಿನ ಲೀಗುಗಳು ಅಷ್ಟು ಕಾಯ್ತಿಲ್ಲ. 16ರಿಂದ 20 ವಯಸ್ಸಿನ ಹುಡುಗರು ಆಡೋ ಕ್ವಿಬೆಕ್ ಜೂನಿಯರ್ ಲೀಗ್ 2023ರಿಂದ ಗುದ್ದಾಡಿದವನನ್ನ ಆ ಮ್ಯಾಚಿಂದಲೇ ಹೊರಗೆ ಹಾಕ್ತಿದೆ, ಆಟ ಮಾತ್ರ ಮೊದಲಿನಷ್ಟೇ ಜೋರಾಗಿ ನಡೀತಿದೆ.